ಒಂಬತ್ತನೇ ಬೇಸಿನ್ನಿನ ಉಸಿರು

ಜೂನ್ 2, 2025, ಸೋಮವಾರ

ಕೆಲಸದ ಮೊದಲ ದಿನ. ಚಿಂತಾಮಣಿಯಿಂದ ಚಿಕ್ಕಬಳ್ಳಾಪುರ, ಅಲ್ಲಿಂದ ಗೌರಿಬಿದನೂರು. ಬಸ್ಸಿನಲ್ಲಿ ಪಕ್ಕ ಕೂತ ಹೆಂಗಸು ಏನು ಓದಿದ್ದೀಯಮ್ಮ, ಎಲ್ಲಿಗೆ ಹೋಗ್ತಿದ್ದೀಯ ಎಂದು ಕೇಳಿದರು. ಕನ್ನಡ ಎಂ.ಎ. ಮಾಡಿದವಳಿಗೆ ಕೈಗಾರಿಕಾ ಪ್ರದೇಶದಲ್ಲಿ ಏನು ಕೆಲಸ ಎಂದು ನನಗೇ ಸರಿಯಾಗಿ ತಿಳಿಯದೆ ನಕ್ಕು ಕಿಟಕಿಯ ಕಡೆ ತಿರುಗಿದೆ.

ಕಂಪನಿಯವರು ಗಾಜಿಗೆ, ಪ್ಲಾಸ್ಟಿಕ್ಕಿಗೆ ಲೋಹದ ಲೇಪ ಹಾಕುತ್ತಾರೆ. ಚಿಪ್ಸ್ ಪೊಟ್ಟಣದ ಒಳಗಿನ ಬೆಳ್ಳಿ ಬಣ್ಣ, ಕಾರಿನ ಕನ್ನಡಿಯ ಹೊಳಪು, ಎಲ್ಲ ಅದೇ. ಸಂಶೋಧನಾ ವಿಭಾಗಕ್ಕೆ ಡಾ. ಶೋಭಾರಾಣಿ ಮುಖ್ಯಸ್ಥೆ. ಮೇಡಂ ನನ್ನನ್ನು ಕೂರಿಸಿ ಕೈಗೆ ಒಂದು ಗಾಜಿನ ಚೂರು ಕೊಟ್ಟರು.

“ಇದರ ಮೇಲೆ ಏನಿದೆ?”

ನಾನು ತಲೆ ಅಲ್ಲಾಡಿಸಿದೆ.

“ಒಂದು ಪೊರೆ ಇದೆ. ನಿನ್ನ ಒಂದು ಕೂದಲನ್ನ ಉದ್ದುದ್ದ ಸಾವಿರ ಸೀಳು ಮಾಡಿದ್ರೆ ಒಂದು ಸೀಳಿನಷ್ಟು ದಪ್ಪ.” ಅವರು ಗಾಜಿನ ಮೇಲೆ ಉಸಿರು ಬಿಟ್ಟರು. ಮಬ್ಬು ಕಟ್ಟಿ, ಕರಗಿ ಹೋಯಿತು. “ಉಸಿರು ಬಂದು, ಕೂತು, ಎದ್ದು ಹೋಗತ್ತೆ. ಯಾರು ಬಂದಿದ್ರು ಅಂತ ಪೊರೆಗೆ ಗೊತ್ತಿರತ್ತೆ. ಅದನ್ನ ಕೇಳಿ ತಿಳ್ಕೊಳೋದು ನನ್ನ ಕೆಲಸ.”

ಇಪ್ಪತ್ತು ವರ್ಷ ಕನ್ನಡಿಗೆ, ಪೊಟ್ಟಣಕ್ಕೆ ಪೊರೆ ಹಾಕಿದ ಮೇಡಂ ಆರು ವರ್ಷದಿಂದ ಉಸಿರಿಗಾಗಿ ಪೊರೆ ಮಾಡುತ್ತಿದ್ದಾರೆ. ಶ್ವಾಸನಾಳದಲ್ಲಿ ಬಾವು ಇದ್ದರೆ ಉಸಿರಿನಲ್ಲಿ ಒಂದು ಅನಿಲ ಹೆಚ್ಚುತ್ತದಂತೆ. ಅದು ತಾಕಿದಾಗ ಪೊರೆಯಲ್ಲಿ ಆಗುವ ಬದಲಾವಣೆಯನ್ನು ಅಂಗೈಯಷ್ಟು ಯಂತ್ರ ಅಂಕಿಯಾಗಿ ತೋರಿಸುತ್ತದೆ. ಶಿಡ್ಲಘಟ್ಟದಲ್ಲಿ ದಿನವಿಡೀ ಹಬೆಯಲ್ಲಿ ಕೂತು ರೇಷ್ಮೆ ಗೂಡಿನಿಂದ ನೂಲು ಬಿಚ್ಚುವ ಹೆಂಗಸರಲ್ಲಿ ಉಬ್ಬಸ ಹೆಚ್ಚು. ಅವರ ಉಸಿರಿನಿಂದ ಯಂತ್ರವನ್ನು ಪರೀಕ್ಷೆ ಮಾಡಬೇಕು. ಅವರನ್ನು ಮಾತಾಡಿಸಿ ಬರೆದುಕೊಳ್ಳುವುದು ನನ್ನ ಪಾಲಿನ ಕೆಲಸ.

ಸಂದರ್ಶನದ ದಿನ ನನ್ನ ಬಾಯಿಂದ ಮಾತೇ ಹೊರಡಲಿಲ್ಲ. ಆಗ ಮೇಡಂ ಒಂದು ಹಾಳೆ ಕೊಟ್ಟು, ಈ ಕೋಣೆಯಲ್ಲಿ ಏನು ಕಾಣುತ್ತದೋ ಬರಿ ಎಂದಿದ್ದರು. ಎರಡು ಸಲ ಓದಿ, “ಮಾತಾಡೋರು ಬೇಕಾದಷ್ಟು ಜನ ಇದ್ದಾರೆ” ಎಂದು ನನ್ನನ್ನು ತೆಗೆದುಕೊಂಡರು. ಅವರೂ ಮಂಡಿಕಲ್ ಕಡೆಯ ರೈತರ ಮನೆಯವರು. ನನ್ನನ್ನು ಇಷ್ಟು ಬೇಗ ಯಾರೂ ಓದಿರಲಿಲ್ಲ.

ಜೂನ್ 5, ಗುರುವಾರ

ಒಪ್ಪಿಗೆ ಪತ್ರವನ್ನು ಇಂಗ್ಲಿಷಿನಿಂದ ಕನ್ನಡಕ್ಕೆ ತರುವ ಕೆಲಸ. ಮೂರು ಪುಟ, ಎಲ್ಲವೂ ಕಗ್ಗಂಟು. ನಾಲ್ಕು ಸಲ ಬರೆದು ಹರಿದೆ. ಕೊನೆಗೆ ಬೇಡದ್ದನ್ನೆಲ್ಲ ಬಿಟ್ಟು ಒಂದೇ ಪುಟಕ್ಕೆ ಇಳಿಸಿದೆ. ಮೂಲದಲ್ಲಿ ಇಲ್ಲದ ಮಾತಿನಿಂದ ಶುರು ಮಾಡಿದೆ: ‘ನಿಮ್ಮ ಉಸಿರು ನಿಮ್ಮದು. ಅದರಲ್ಲಿ ಏನು ಕಂಡಿತು ಎಂಬುದನ್ನು ಮೊದಲು ನಿಮಗೇ ಹೇಳುತ್ತೇವೆ. ನಿಮ್ಮನ್ನು ಕೇಳದೆ ಇನ್ನೊಬ್ಬರಿಗೆ ಹೇಳುವುದಿಲ್ಲ.’

ಮೇಡಂ ಗಟ್ಟಿಯಾಗಿ ಓದಿದರು. ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು. “ಆರು ವರ್ಷದಲ್ಲಿ ನಾನೇ ಈ ಕೆಲಸದ ಬಗ್ಗೆ ಇಷ್ಟು ಸರಿಯಾಗಿ ಹೇಳಿಲ್ಲ ಕಣೇ.”

ಊರು ಮುಟ್ಟುವವರೆಗೂ ಆ ಮಾತನ್ನೇ ಮನಸ್ಸಿನಲ್ಲಿ ತಿರುಗಿಸಿ ತಿರುಗಿಸಿ ಕೇಳಿಸಿಕೊಂಡೆ.

ಜೂನ್ 11, ಬುಧವಾರ

ಅಂಬಾಜಿದುರ್ಗದ ಬುಡದ ನಮ್ಮ ಊರಿನಲ್ಲಿ ಮನೆಮನೆಗೂ ರೇಷ್ಮೆ ಹುಳು. ನಮ್ಮ ಮನೆಯಲ್ಲೂ ಅಷ್ಟೆ. ಅಪ್ಪ ಗೂಡನ್ನು ಶಿಡ್ಲಘಟ್ಟದ ಮಾರುಕಟ್ಟೆಗೆ ಹಾಕಿ ಬಂದರೆ ನಮ್ಮ ಪಾಲಿನ ಕಥೆ ಮುಗಿಯಿತು. ಆಮೇಲೆ ಅದು ಏನಾಗುತ್ತದೆ ಎಂದು ಇಪ್ಪತ್ತಮೂರು ವರ್ಷ ನಾನು ನೋಡಿರಲಿಲ್ಲ.

ಜಗನ್ ಎನ್ನುವವರ ನೂಲಿನ ಘಟಕ. ತಗಡಿನ ಸೂರಿನ ಕೆಳಗೆ ಎರಡು ಸಾಲು, ಒಟ್ಟು ಹದಿನೆಂಟು ಬೇಸಿನ್, ಅಂದರೆ ಗೂಡು ಬೇಯಿಸುವ ತೊಟ್ಟಿ. ಕುದಿಯುವ ನೀರಿನಲ್ಲಿ ಗೂಡುಗಳು ಏಳುತ್ತ ಮುಳುಗುತ್ತ ಇರುತ್ತವೆ. ಹೆಂಗಸರು ಅದರೊಳಗೆ ಬೆರಳಿಟ್ಟು ಎಳೆಯ ತುದಿ ಹುಡುಕುತ್ತಾರೆ. ಬೆಂದ ಹುಳುವಿನ ವಾಸನೆಗೆ ವೇಲು ಮೂಗಿಗೆ ಒತ್ತಿಕೊಂಡೆ. ಯಾರೂ ಹಾಗೆ ಮಾಡಿಲ್ಲ ಎಂದು ಕಂಡ ಮೇಲೆ ನಾಚಿ ತೆಗೆದೆ.

ಅಲ್ಲಿ ಹೆಸರು ಹಿಡಿದು ಕರೆಯುವುದು ಕಡಿಮೆ. “ಏ ನಾಲ್ಕು, ನೀರು ಬಿಡೇ.” “ಹನ್ನೊಂದು ಎಲ್ಲಿಗೆ ಹೋದ್ಲು?” ಎಲ್ಲರೂ ತಮ್ಮ ತಮ್ಮ ಬೇಸಿನ್ನಿನ ನಂಬರು.

ಒಂಬತ್ತು ಎಂದರೆ ಚಿಕ್ಕವೆಂಕಟಮ್ಮ. ಐವತ್ತರ ಹತ್ತಿರದವರು. ಅಷ್ಟು ಸಣ್ಣ ಎಳೆ ಇನ್ಯಾರ ಕೈಯಲ್ಲೂ ಬರುವುದಿಲ್ಲವೆಂದು ಜಗನ್ನೇ ಹೇಳಿದರು. ಕೈ ನೀರಿನಲ್ಲಿರುವುದರಿಂದ ಆಕೆ ಭುಜಕ್ಕೆ ಬಾಯಿ ಒತ್ತಿ ಕೆಮ್ಮುತ್ತಾರೆ.

“ಏನು ಓದಿದ್ದೀಯಮ್ಮ? ಕನ್ನಡಾನಾ?” ಪಕ್ಕದವರ ಕಡೆ ತಿರುಗಿದರು. “ಕನ್ನಡ ಓದಕ್ಕೆ ಕಾಲೇಜಿಗೆ ಹೋಗ್ಬೇಕಂತೆ ಕಣೇ ಓಬಳಮ್ಮ. ನಾವು ಮನೇಲೇ ಮಾತಾಡ್ತೀವಲ್ಲ.”

“ನೀನು ಮಾತಾಡೋದು ಅರ್ಧ ತೆಲುಗು” ಎಂದರು ಹತ್ತನೇ ಬೇಸಿನ್ನಿನ ಓಬಳಮ್ಮ.

“ಮಿಕ್ಕಿದ್ದು ಅರ್ಧ ಇದೆಯಲ್ಲ, ಅಷ್ಟಕ್ಕೇ ಇವ್ರು ಸರ್ಟಿಫಿಕೇಟು ಕೊಡಲಿ.”

ಎಲ್ಲರೂ ನಕ್ಕರು. ನಾನೂ. ಆಮೇಲೆ ಒಪ್ಪಿಗೆ ಪತ್ರ ಓದಿ ಹೇಳಿದೆ. ಚಿಕ್ಕವೆಂಕಟಮ್ಮ ಕೈ ನಿಲ್ಲಿಸಿ ಕೇಳಿದರು. “ನನ್ನ ಉಸಿರು ನಂದಂತೆ ಕಣ್ರೇ. ಇಷ್ಟು ವರ್ಷಕ್ಕೆ ಏನೋ ಒಂದು ನಮ್ಮ ಹೆಸರಿಗೆ ಬರೆದ್ರಲ್ಲ.”

ಹೆಬ್ಬೆಟ್ಟು ಒತ್ತಿಸಿದರೆ ಮೂಡಲಿಲ್ಲ. ಬಿಸಿನೀರಿಗೆ ಬೆರಳಿನ ಗೆರೆಗಳೇ ಸವೆದುಹೋಗಿವೆ. ಎಂಟು ಜನರದು ಹೀಗೇ ಆಯಿತು, ಕಾಗದದ ಮೇಲೆ ನೀಲಿ ಕಲೆ ಮಾತ್ರ. “ಒಂಬತ್ತು ಅಂತ ಬರ್ಕೊಳಮ್ಮ” ಎಂದರು ಆಕೆ, “ಅದೇ ನಾನು.”

ಜೂನ್ 12, ಗುರುವಾರ

ಸಂಶೋಧನೆಯಲ್ಲಿ ಹೆಸರು ಇರಬಾರದು, ಗುಟ್ಟಿನ ಅಂಕಿ ಮಾತ್ರ ಇರಬೇಕು ಎನ್ನುವುದು ನಿಯಮ. ಮೇಡಂ ಕೊಟ್ಟಿದ್ದು ಐದು ಅಂಕಿಯ ಉದ್ದನೆಯ ಸಂಖ್ಯೆಗಳು. ಎರಡನೇ ಸಲ ಕೇಳಿದಾಗ ಯಾರಿಗೂ ನೆನಪಿರುವುದಿಲ್ಲ, ಚೀಲಗಳು ಅದಲುಬದಲಾಗುತ್ತವೆ. ಹೇಗೂ ಹೆಸರಲ್ಲವಲ್ಲ, ಬೇಸಿನ್ನಿನ ನಂಬರನ್ನೇ ಬರೆದುಕೊಳ್ಳಬಹುದೇ ಎಂದು ಚೀಟಿಯಲ್ಲಿ ಬರೆದು ಮೇಡಂ ಮೇಜಿನ ಮೇಲಿಟ್ಟೆ.

ಮೇಡಂ ಓದಿ, ಪೆನ್ನನ್ನು ತುಟಿಗೆ ಒತ್ತಿಕೊಂಡು ನನ್ನನ್ನೇ ಸ್ವಲ್ಪ ಹೊತ್ತು ನೋಡಿದರು. ಆಮೇಲೆ, “ಒಳ್ಳೆ ಐಡಿಯಾ” ಎಂದರು.

ಎಷ್ಟು ಮೆಚ್ಚಿಕೊಂಡರೆ ಅಷ್ಟು ಹೊತ್ತು ಸುಮ್ಮನಿರುತ್ತಾರೆ.

ಜೂನ್ 17, ಮಂಗಳವಾರ

ಊದಿಸುವ ದಿನ. ಒಳಗೆ ಊದಿಸಿದರೆ ಹಬೆ ಸೇರಿಕೊಳ್ಳುತ್ತದೆಂದು ಹೊರಗೆ ಹೊಂಗೆ ಮರದ ಕೆಳಗೆ ಕೂತೆವು. ಮೊದಲು ಸ್ವಲ್ಪ ಉಸಿರು ಗಾಳಿಗೆ ಬಿಡಬೇಕು. ಆಮೇಲೆ ಹತ್ತು ಎಣಿಸುವವರೆಗೆ ಒಂದೇ ಸಮನೆ ಚೀಲಕ್ಕೆ ಊದಬೇಕು.

ಊದುವ ಮುಂಚೆ ತುಂಬುವ ಅರ್ಜಿಯಲ್ಲಿ ಒಂದು ಪ್ರಶ್ನೆ ಇದೆ: ಹಿಂದಿನ ದಿನದಿಂದ ಸೊಪ್ಪು ತಿಂದಿದ್ದೀರಾ? ಸೊಪ್ಪಿನಲ್ಲಿರುವ ಏನೋ ಒಂದು ಅದೇ ಅನಿಲವನ್ನು ಹೆಚ್ಚಿಸುತ್ತದೆ, ಆಗ ಅಂಕಿ ಸುಳ್ಳಾಗುತ್ತದೆ. ಇದನ್ನು ಮೊದಲೇ ಹೇಳಿಬರಲು ನನ್ನನ್ನು ಕಳಿಸಿದ್ದರು. ನಾನು ಹೇಳಿದ್ದು ಸಾಲಿನ ತುದಿಯವರಿಗೆ ಕೇಳಿಸಿರಲಿಲ್ಲ.

“ಸೊಪ್ಪು ತಿನ್ಬಾರ್ದಾ?” ಚಿಕ್ಕವೆಂಕಟಮ್ಮ ಚೀಲ ಕೆಳಗಿಳಿಸಿದರು. “ಬೆಳಗ್ಗೆ ಬೆರಕೆ ಸೊಪ್ಪಿನ ಸಾರು, ಮುದ್ದೆ ತಿಂದೇ ಬಂದೆ. ಸೊಪ್ಪು ಬೇಡ ಅಂದ್ರೆ ನಾವೇನು ತಿನ್ನೋದಮ್ಮ, ಬೇಸಿನ್ನಲ್ಲಿರೋ ಹುಳಾನಾ?”

‘ಹೌದು, ಬೆರಕೆ ಸೊಪ್ಪು’ ಎಂದು ಒಂಬತ್ತರ ಮುಂದೆ ಬರೆದುಕೊಂಡೆ. ಆಕೆ ಹತ್ತು ಎಣಿಸುವವರೆಗೆ ಊದಲಾರದೆ ಮೂರು ಸಲ ಮತ್ತೆ ಶುರು ಮಾಡಿದರು. ಪ್ರತಿ ಸಲವೂ ನಕ್ಕರು.

ಜುಲೈ 3, ಗುರುವಾರ

ಅಂಕಿಗಳು ಬಂದವು. ಇಪ್ಪತ್ತೈದರೊಳಗೆ ಇದ್ದರೆ ಚಿಂತೆ ಇಲ್ಲ, ಐವತ್ತು ದಾಟಿದರೆ ಬಾವು. ಹದಿನೇಳು ಜನ ಐವತ್ತರ ಕೆಳಗೇ ಇದ್ದಾರೆ. ಒಂಬತ್ತು ಮಾತ್ರ ಎಪ್ಪತ್ತೊಂದು.

“ಸೊಪ್ಪು ಅಂತ ಬರೆದಿದ್ದೀಯಲ್ಲ, ಇದನ್ನ ನಂಬಬೇಡ. ಇನ್ನೊಂದ್ಸಲ ಊದಿಸಣ” ಎಂದರು ಮೇಡಂ. ನನ್ನ ಆ ಮೂರು ಪದಗಳನ್ನು ಬೆರಳಿಂದ ತಟ್ಟಿದರು. “ಇದಕ್ಕೇ ನಿನ್ನನ್ನ ತಗೊಂಡಿದ್ದು.”

ಜುಲೈ 15, ಮಂಗಳವಾರ

ಮೇಡಂ ಒಬ್ಬರೇ ಊಟ ಮಾಡುತ್ತಾರೆ. ಉಸಿರಿನ ವಿಭಾಗವನ್ನು ಮುಚ್ಚುವ ಮಾತು ಮೇಲಿನವರಲ್ಲಿ ನಡೆಯುತ್ತಿದೆಯಂತೆ. ಇವತ್ತು ಡಬ್ಬಿಯ ಮುಚ್ಚಳ ತೆಗೆದು ಹಾಗೇ ಮುಚ್ಚಿಟ್ಟರು. ಏನಾದರೂ ಹೇಳಬೇಕೆನಿಸಿತು. ನೀರಿನ ಲೋಟ ತುಂಬಿಸಿಟ್ಟು ಬಂದೆ.

ಜುಲೈ 24, ಗುರುವಾರ

ಕಂಪನಿಯ ಅಂಗಳದಲ್ಲಿ ಜಗನ್ ಅವರ ಕಾರು. ಮೇಡಂ ಕೋಣೆಯ ಬಾಗಿಲು ಹಾಕಿತ್ತು. ಆಮೇಲೆ ಮೇಡಂ, “ಕನ್ನಡಿ ಲೇಪ ನೋಡಕ್ಕೆ ಬಂದಿದ್ರು” ಎಂದರು. ನಾನು ಕೇಳಿರಲಿಲ್ಲ.

ಒಂಬತ್ತನ್ನು ಮತ್ತೆ ಊದಿಸುವುದು ಯಾವಾಗ ಎಂದು ಚೀಟಿ ಇಟ್ಟಿದ್ದೆ. ಚೀಟಿ ಕಸದ ಬುಟ್ಟಿಯಲ್ಲಿ ಕಂಡಿತು. ಗಾಳಿಗೆ ಬಿದ್ದಿರಬೇಕು.

ಆಗಸ್ಟ್ 8, ಶುಕ್ರವಾರ

ವರಮಹಾಲಕ್ಷ್ಮಿ ಹಬ್ಬ. ಅರಿಶಿನ ಕುಂಕುಮಕ್ಕೆ ಬಾರಮ್ಮ ಎಂದು ಚಿಕ್ಕವೆಂಕಟಮ್ಮ ತಿಂಗಳ ಹಿಂದೆಯೇ ಕರೆದಿದ್ದರು. ಅಮ್ಮ ಕಟ್ಟಿಕೊಟ್ಟ ಒಬ್ಬಟ್ಟು ತೆಗೆದುಕೊಂಡು ಮಧ್ಯಾಹ್ನದ ಬಸ್ಸಿಗೆ ಹೋದೆ.

ಆಕೆ ಬಾಗಿಲಲ್ಲಿ ಕೂತು ಹುಣಸೆಹಣ್ಣಿನ ಬೀಜ ಬಿಡಿಸುತ್ತಿದ್ದರು. ಪಕ್ಕದಲ್ಲಿ ಇನ್ನೊಂದು ಮೂಟೆ. ಹಬ್ಬದ ದಿನವೂ ಏಕೆ ಎಂದು ನೋಡಿದೆ. ಆಕೆ ನನ್ನ ಮುಖ ನೋಡಿ ಹೇಳಿದರು.

“ಕೆಲಸ ಬಿಡಿಸಿಬಿಟ್ರಮ್ಮ. ಹತ್ತು ದಿನ ಆಯ್ತು. ಬಾಯ್ಲರ್ ಹತ್ರ ಗೋಡೆ ಮೇಲೆ ಒಂದು ಪಟ್ಟಿ ಅಂಟಿಸಿದ್ದಾರೆ. ಒಂದರಿಂದ ಹದಿನೆಂಟು. ಒಂಬತ್ತರ ಪಕ್ಕ ಎಪ್ಪತ್ತೊಂದು, ಕೆಂಪಲ್ಲಿ ಸುತ್ತು ಹಾಕಿ. ಅಕ್ಷರ ಬರಲ್ಲ ನಂಗೆ, ಅಂಕಿ ಬರತ್ತಲ್ಲ.” ಒಂದು ಬೀಜ ಬಿಡಿಸಿ ತಟ್ಟೆಗೆ ಹಾಕಿದರು. “ಉಬ್ಬಸದವಳು ಬೇಸಿನ್ ಮುಂದೆ ಬಿದ್ರೆ ಯಾರು ಜವಾಬ್ದಾರಿ ಅಂದ್ರು ಜಗನಪ್ಪ. ಇಪ್ಪತ್ತೆರಡು ವರ್ಷ ಬೀಳಲಿಲ್ಲ, ಇವಾಗ ಬೀಳ್ತೀನಂತೆ.”

ನನ್ನ ಕೈಯಲ್ಲಿ ಒಬ್ಬಟ್ಟಿನ ಡಬ್ಬಿ ಹಾಗೇ ಇತ್ತು.

“ಮೊದ್ಲು ನಂಗೇ ಹೇಳ್ತೀವಿ ಅಂತ ಓದಿದ್ಯಲ್ಲಮ್ಮ. ನಾನು ಕಾಯ್ತಿದ್ದೆ, ಇವ್ಳು ಬಂದು ಹೇಳ್ತಾಳೆ ಅಂತ.”

ಬೈಯಲಿಲ್ಲ. ಎದ್ದು ಕೈ ತೊಳೆದು ಬಂದು ನನಗೆ ಕುಂಕುಮ ಇಟ್ಟರು, ಹೂವು ಕೊಟ್ಟರು. ಬಾಗಿ ಏಳುವಾಗ ಗೋಡೆ ಹಿಡಿದುಕೊಂಡು ಭುಜಕ್ಕೆ ಕೆಮ್ಮಿದರು. ಕೈ ಖಾಲಿ ಇದ್ದರೂ ಭುಜಕ್ಕೇ.

ಆಗಸ್ಟ್ 9, ಶನಿವಾರ

ಹೂವು ತಲೆಯಲ್ಲೇ ಬಾಡಿದೆ. ತೆಗೆದಿಲ್ಲ.

ಆಗಸ್ಟ್ 11, ಸೋಮವಾರ

ಮೇಡಂ ಕೋಣೆಗೆ ಚೀಟಿ ಇಲ್ಲದೆ ಹೋದೆ. ಅವರು ಕೂರು ಎಂದರು. ನಾನು ಕೂರದೆ, ಪಟ್ಟಿ ಜಗನ್ ಕೈಗೆ ಹೇಗೆ ಹೋಯಿತು ಎಂದು ಕೇಳಿದೆ.

“ಜಗನ್ ಕೇಳಿದ್ರು, ಕೊಟ್ಟೆ. ಹೆಸರು ಕೊಟ್ಟಿಲ್ಲ ಹರಿಣಿ. ನಂಬರ್ ಅಷ್ಟೆ.”

“ಅದು ಬೇಸಿನ್ ನಂಬರ್ ಮೇಡಂ.”

“ನಿನ್ನದೇ ಐಡಿಯಾ ಅಲ್ವಾ ಅದು?”

ಮೆತ್ತಗೆ ಹೇಳಿದರು. ಜೂನ್‌ನಲ್ಲಿ ನನ್ನನ್ನು ಹೊಗಳಿದ ಅದೇ ದನಿ.

“ಅದರ ಪಕ್ಕ ಸೊಪ್ಪು ಅಂತ ಬರೆದಿದ್ದೆ” ಎಂದೆ. “ನಂಬಬೇಡ ಅಂತ ನೀವೇ ಹೇಳಿದ್ರಿ.”

“ಎಲ್ಲ ಷರತ್ತೂ ಬರೆದುಕೊಟ್ರೆ ಯಾರು ಕೊಳ್ತಾರೆ? ಆಸ್ಪತ್ರೆಯವರು ಇನ್ನೂ ಐದು ವರ್ಷದ ಪರೀಕ್ಷೆ ಕೇಳ್ತಾರೆ. ಕಂಪನಿ ಐದು ತಿಂಗಳೂ ಕಾಯಲ್ಲ. ಘಟಕದವರಿಗೆ ಇದು ಇವತ್ತೇ ಬೇಕು, ಕೆಲಸಕ್ಕೆ ಯಾರನ್ನ ತಗೋಬೇಕು ಅಂತ ನೋಡಕ್ಕೆ. ಮೊದಲು ಇದು ಬದುಕಬೇಕಮ್ಮ. ಬದುಕಿದ್ರೆ ತಾನೆ ಒಳ್ಳೇದು ಮಾಡೋದು. ಆಯಮ್ಮಂಗೂ ಹಬೆ ಬಿಟ್ಟಿದ್ದು ಒಳ್ಳೇದೇ ಆಯ್ತು.”

“ಒಪ್ಪಿಗೆ ಪತ್ರ?”

“ಮೂಲದ ಮೂರನೇ ಪುಟ ನೋಡು. ಸಹಭಾಗಿ ಸಂಸ್ಥೆಗಳ ಜೊತೆ ಮಾಹಿತಿ ಹಂಚಿಕೊಳ್ಳಬಹುದು ಅಂತ ಇದೆ. ನೀನು ಬರೆದ ಆ ಸಾಲು ಅದರಲ್ಲಿ ಎಲ್ಲೂ ಇಲ್ಲ. ಚೆನ್ನಾಗಿದೆ ಅಂತ ಬಿಟ್ಟೆ ಅಷ್ಟೆ.”

ಹೊರಗೆ ಬಂದು ಮೂರನೇ ಪುಟ ತೆಗೆದೆ. ಇದೆ. ಆ ವಾಕ್ಯವನ್ನು ನಾನು ಜೂನ್‌ನಲ್ಲಿ ಓದಿದ್ದೆ. ಕನ್ನಡದಲ್ಲಿ ಕೂರುವುದಿಲ್ಲ ಎಂದು ಬಿಟ್ಟಿದ್ದೆ.

ಆಗಸ್ಟ್ 12, ಮಂಗಳವಾರ

ಈ ಪುಸ್ತಕವನ್ನು ಮೊದಲಿನಿಂದ ಓದಿದೆ. ಜೂನ್ ಹನ್ನೆರಡರಂದು ಮೇಡಂ ಪೆನ್ನು ತುಟಿಗೆ ಒತ್ತಿಕೊಂಡು ಸುಮ್ಮನಿದ್ದರಲ್ಲ, ಆಗಲೇ ಅವರಿಗೆ ಗೊತ್ತಿತ್ತು. ಗೋಡೆಯ ಮೇಲಿನ ಆ ಪಟ್ಟಿ ಅವರಿಗೆ ಆಗಲೇ ಕಂಡಿರಬೇಕು. ನಾನು ಅದನ್ನು ಮೆಚ್ಚುಗೆ ಎಂದು ಓದಿದೆ. ಎಂ.ಎ.ಯಲ್ಲಿ ಎರಡು ವರ್ಷ ಸಾಲುಗಳ ನಡುವೆ ಓದುವುದನ್ನು ಕಲಿತವಳು.

ಅಪ್ಪ ಕೇಳಿದರು, “ಯಾಕಮ್ಮ ಊಟ ಬಿಟ್ಟಿದ್ದೀಯ?” ಹೇಳಿದೆ, ಎಲ್ಲವನ್ನೂ. ಅಪ್ಪ ಹುಳುವಿಗೆ ಸೊಪ್ಪು ಹಾಕುತ್ತಲೇ ಕೇಳಿಸಿಕೊಂಡರು. ಕೊನೆಗೆ, “ನೀನು ಇಷ್ಟು ಮಾತಾಡಿದ್ದು ನಾನು ಕೇಳೇ ಇಲ್ಲ” ಎಂದರು. ಅದೇನು ಮಾತು.

ಆಗಸ್ಟ್ 13, ಬುಧವಾರ

ಇಪ್ಪತ್ತೆರಡಕ್ಕೆ ಜಗನ್ ಘಟಕದಲ್ಲಿ ಪ್ರದರ್ಶನ. ಬೇರೆ ಎಂಟು ಘಟಕಗಳ ಮಾಲೀಕರು ಬರುತ್ತಾರೆ. ಅವರೆದುರಿಗೇ ಹದಿನೆಂಟು ಜನರನ್ನೂ ಊದಿಸಬೇಕು. ಆ ಮಾಲೀಕರು ಒಪ್ಪಿದರೆ ಎಲ್ಲ ಘಟಕಗಳಲ್ಲೂ ಪ್ರತಿ ತಿಂಗಳು ಊದಿಸಿ, ಐವತ್ತು ದಾಟಿದವರನ್ನು ಕಳಿಸುತ್ತಾರೆ. ಒಂಬತ್ತನೇ ಬೇಸಿನ್ನಿಗೆ ಹರಿತಾ ಎಂಬ ಹೊಸಬಳು ಬಂದಿದ್ದಾಳೆ.

“ಹೆಂಗಸರನ್ನ ನೀನೇ ತಯಾರು ಮಾಡ್ಬೇಕು. ನಿನ್ನ ಮಾತು ಕೇಳ್ತಾರೆ” ಎಂದರು ಶೋಭಾರಾಣಿ. “ಸೊಪ್ಪಿನ ವಿಷಯ ಮರೀಬೇಡ.”

“ಮರೆಯಲ್ಲ ಮೇಡಂ” ಎಂದೆ.

ಆಗಸ್ಟ್ 18, ಸೋಮವಾರ

ಸಂಜೆ ಕೆಲಸ ಬಿಟ್ಟ ಮೇಲೆ ಓಬಳಮ್ಮನ ಮನೆಯ ಜಗಲಿಯಲ್ಲಿ ಎಲ್ಲರೂ ಸೇರಿದರು. ಚಿಕ್ಕವೆಂಕಟಮ್ಮನನ್ನೂ ಕರೆಸಿದ್ದೆ. ನಿಂತು ಹೇಳಿದೆ. ಪಟ್ಟಿ ಜಗನ್‌ಗೆ ಹೇಗೆ ಹೋಯಿತು, ನಂಬರು ಬರೆದಿದ್ದು ನಾನೇ, ಮೂರನೇ ಪುಟ ಬಿಟ್ಟಿದ್ದೂ ನಾನೇ. ಎಲ್ಲ ಹೇಳಿದೆ.

“ಓದಿರೋಳು ಅಂತ ನಂಬಿದ್ವಿ” ಎಂದರು ಓಬಳಮ್ಮ. ಇಪ್ಪತ್ತೆರಡರಂದು ಮಾಲೀಕರ ಎದುರು ಏನು ನಡೆಯಲಿದೆ ಎಂದೂ ಹೇಳಿದೆ.

“ಶುಕ್ರವಾರ ಬೆಳಗ್ಗೆ ಎಲ್ಲರೂ ಸೊಪ್ಪು ತಿಂದು ಬನ್ನಿ” ಎಂದೆ. “ದಂಟು, ಚಕ್ಕೋತ, ಬೆರಕೆ, ಸಿಕ್ಕಿದ್ದು. ಹೊಟ್ಟೆ ತುಂಬ.”

“ತಿಂದ್ರೆ ಏರತ್ತೆ ಅಂದಿದ್ಯಲ್ಲಮ್ಮ?”

“ಎಲ್ಲರದೂ ಏರಲಿ. ಹದಿನೆಂಟು ಜನರನ್ನ ಕಳಿಸಿ ನೂಲು ಯಾರು ಬಿಚ್ತಾರೆ?”

ಮೊದಲು ನಕ್ಕಿದ್ದು ಚಿಕ್ಕವೆಂಕಟಮ್ಮ. ನಗು ಕೆಮ್ಮಾಯಿತು. ಹರಿತಾ ನೀರು ತಂದುಕೊಟ್ಟಳು.

“ಜಗನಪ್ಪನ ಹೊಲದ ಬದೀಲೇ ಬೆರಕೆ ಸೊಪ್ಪು ಚೆನ್ನಾಗಿ ಬಂದಿದೆ ಕಣ್ರೇ” ಎಂದರು ಓಬಳಮ್ಮ. “ಅಲ್ಲೇ ಕಿತ್ಕೊಳಣ.”

ಆಗಸ್ಟ್ 22, ಶುಕ್ರವಾರ

ಹೊಂಗೆ ಮರದ ಕೆಳಗೆ ಕುರ್ಚಿ ಹಾಕಿದ್ದರು. ಈ ಸಲ ಚೀಲವಿಲ್ಲ, ನೇರ ಯಂತ್ರಕ್ಕೇ ಊದಬೇಕು. ನಾನು ಒಬ್ಬೊಬ್ಬರ ಅರ್ಜಿ ತುಂಬಿದೆ. ಸೊಪ್ಪು ತಿಂದಿದ್ದೀರಾ? ಇಲ್ಲ. ಹದಿನೆಂಟು ಸಲ ‘ಇಲ್ಲ’ ಎಂದು ಬರೆದೆ. ಅಕ್ಷರಗಳು ದುಂಡಗೇ ಬಂದವು.

ಒಂದು ಐವತ್ತೆರಡು. ಎರಡು ಅರವತ್ತು. ಮೂರು ನಲವತ್ತೊಂಬತ್ತು. ನಾಲ್ಕು ಐವತ್ತೇಳು. ಜಗನ್ ಮುಖ ಬಾಡುತ್ತ ಬಂತು. ಕೊನೆಗೆ ಹದಿನಾಲ್ಕು ಜನ ಐವತ್ತು ದಾಟಿದರು. ಒಂಬತ್ತನೇ ಬೇಸಿನ್ನಿನ ಹೊಸ ಹುಡುಗಿ ಹರಿತಾ, ಕೆಮ್ಮೇ ಗೊತ್ತಿಲ್ಲದವಳು, ಅರವತ್ತಮೂರು.

ಬಂದಿದ್ದ ಮಾಲೀಕರಲ್ಲಿ ವಯಸ್ಸಾದವರೊಬ್ಬರು, “ಎಲ್ಲಿ, ನಾನೂ ಊದ್ತೀನಿ” ಎಂದು ಬೀಡಿ ಎಸೆದು ಬಂದರು. ಎರಡು ಸಲ ಕೆಮ್ಮಿ ಊದಿದರು. ಹನ್ನೆರಡು.

“ನೋಡ್ರಪ್ಪ, ಮೂವತ್ತು ವರ್ಷ ಬೀಡಿ ಸೇದಿದ್ದಕ್ಕೆ ಎಷ್ಟು ಶುದ್ಧವಾಗಿದ್ದೀನಿ. ಜಗನ್, ನನ್ನನ್ನೇ ಒಂಬತ್ತನೇ ಬೇಸಿನ್ನಿಗೆ ಹಾಕ್ಕೋ.”

ಎಲ್ಲರೂ ನಕ್ಕರು. ಶೋಭಾರಾಣಿ ನಗಲಿಲ್ಲ. ಬೀಡಿ ಸೇದುವವರಲ್ಲಿ ಅಂಕಿ ಇಳಿಯುತ್ತದೆ ಎಂದು ಅವರೇ ನನಗೆ ಹೇಳಿಕೊಟ್ಟಿದ್ದರು. ಅವರು ಹೆಂಗಸರ ಊಟದ ಡಬ್ಬಿಗಳ ಸಾಲಿನ ಹತ್ತಿರ ಹೋಗಿ ನಿಂತರು. ಮಂಡಿಕಲ್ಲಿನಲ್ಲಿ ಹುಟ್ಟಿದವರಿಗೆ ಬೆರಕೆ ಸೊಪ್ಪಿನ ವಾಸನೆ ಗೊತ್ತಿಲ್ಲದೆ ಇರುತ್ತದೆಯೇ. ವಾಪಸು ಬಂದು ನನ್ನ ಕೈಯಿಂದ ಹದಿನೆಂಟು ಅರ್ಜಿ ತೆಗೆದುಕೊಂಡು ಒಂದೊಂದಾಗಿ ನೋಡಿದರು. ಆಮೇಲೆ ನನ್ನನ್ನು ನೋಡಿದರು. ಈ ಸಲದ ಮೌನವನ್ನು ನಾನು ಸರಿಯಾಗಿ ಓದಿದೆ. ತಲೆ ತಗ್ಗಿಸಲಿಲ್ಲ.

ಸೊಪ್ಪು ಎಂದು ಅವರು ಒಂದು ಮಾತು ಹೇಳಬಹುದಿತ್ತು. ಹೇಳಿದ್ದರೆ ಮೊದಲ ಪಟ್ಟಿಯ ಒಂಬತ್ತರ ಮುಂದೆಯೂ ಸೊಪ್ಪು ಇತ್ತೆಂದು ಒಪ್ಪಬೇಕಿತ್ತು.

“ಯಂತ್ರ ತಪ್ಪು ತೋರಿಸ್ತಿದೆ” ಎಂದರು ಜಗನ್‌ಗೆ. “ಹಬೆ ಕೂತಿರ್ಬೇಕು.”

“ಹಂಗಾದ್ರೆ ಅವತ್ತೂ ತಪ್ಪೇ ತೋರಿಸಿತ್ತಾ ಮೇಡಂ? ನಾನು ಒಳ್ಳೆ ಕೈಯವಳನ್ನ ಕಳಿಸಿಬಿಟ್ನಲ್ಲ.”

ಕಾರು ಹತ್ತುವಾಗ ನನಗೆ ಮಾತ್ರ ಕೇಳುವಂತೆ, “ಅದು ನನ್ನ ಆರು ವರ್ಷ ಕಣೇ” ಎಂದರು. ಅವರು ಹೋದ ಮೇಲೆ ಗೊತ್ತಾಯಿತು, ಯಂತ್ರ ನನ್ನ ಚೀಲದಲ್ಲೇ ಉಳಿದಿದೆ.

ಆಗಸ್ಟ್ 24, ಭಾನುವಾರ

ಚಿಕ್ಕವೆಂಕಟಮ್ಮನಿಗೆ ನಾಳೆಯಿಂದ ಬಾ ಎಂದು ಜಗನ್ ಹೇಳಿಕಳಿಸಿದ್ದಾರೆ. ಗೋಡೆಯ ಪಟ್ಟಿ ಕಿತ್ತಿದ್ದಾರಂತೆ. ಹರಿತಾಳನ್ನು ನೂಲು ಸುತ್ತುವ ಕೆಲಸಕ್ಕೆ ಹಾಕಿದ್ದಾರೆ.

ಎರಡು ದಿನ ಸೊಪ್ಪು ಮುಟ್ಟಬೇಡಿ ಎಂದು ಚಿಕ್ಕವೆಂಕಟಮ್ಮನಿಗೆ ಮೊದಲೇ ಫೋನು ಮಾಡಿ ಹೇಳಿದ್ದೆ. ಇವತ್ತು ಯಂತ್ರ ತೆಗೆದುಕೊಂಡು ಹೋದೆ. ಮನೆಯಲ್ಲಿ ನಾವಿಬ್ಬರೇ. ಮೂರನೇ ಸಲಕ್ಕೆ ಹತ್ತು ಎಣಿಸುವವರೆಗೆ ಊದಿದರು. ಯಂತ್ರ ಅಂಕಿ ತೋರಿಸಿ ಅಳಿಸಿಬಿಡುತ್ತದೆ. ಯಾರೂ ಬರೆದುಕೊಳ್ಳದಿದ್ದರೆ ಅದು ಎಲ್ಲೂ ಇರುವುದಿಲ್ಲ.

ಅಂಕಿಯನ್ನು ಮೊದಲು ಆಕೆಗೇ ಹೇಳಿದೆ. ಕಡಿಮೆ ಇರಲಿಲ್ಲ.

“ಯಂತ್ರ ಅವತ್ತು ಹೇಳಿದ್ದು ಸುಳ್ಳಲ್ಲ ಅಕ್ಕ” ಎಂದೆ. “ಹಬೆಯಲ್ಲಿ ಕೂರಬಾರದು ನೀವು. ನಾನು ಮಾಡಿದ್ದರಿಂದ ನಿಮ್ಮನ್ನ ಮತ್ತೆ ಅಲ್ಲಿಗೇ ಕಳಿಸಿದಂಗಾಯ್ತು.”

“ನನ್ನ ಉಸಿರು ನಂಗೆ ಗೊತ್ತಿಲ್ವೇನಮ್ಮ?” ಎಂದರು ಆಕೆ. “ಮಲ್ಕೊಂಡ್ರೆ ಯಾವ ಮಗ್ಗುಲಲ್ಲಿ ಬರತ್ತೆ, ಯಾವ ಮಗ್ಗುಲಲ್ಲಿ ಬರಲ್ಲ, ಎಲ್ಲ ಗೊತ್ತು. ಅವ್ರಿಗೆ ಗೊತ್ತಾಗ್ಬಾರ್ದಿತ್ತು, ಅಷ್ಟೆ.”

ಅಂಕಿಯನ್ನು ಇಲ್ಲಿಯೂ ಬರೆಯುವುದಿಲ್ಲ.

ಆಗಸ್ಟ್ 25, ಸೋಮವಾರ

ಯಂತ್ರವನ್ನೂ ರಾಜೀನಾಮೆಯನ್ನೂ ಶೋಭಾರಾಣಿಯ ಮೇಜಿನ ಮೇಲಿಟ್ಟೆ. ರಾಜೀನಾಮೆ ಓದದೆ ಯಂತ್ರವನ್ನು ತಿರುಗಿಸಿ ನೋಡಿದರು. ಊದುವ ಕೊಳವೆ ಹೊಸದು ಹಾಕಿದ್ದು ಕಂಡಿತು.

“ಅವಳನ್ನ ಊದಿಸ್ದೆ ಅಲ್ವಾ? ಸೊಪ್ಪಿಲ್ಲದೆ?” ಅವರ ದನಿ ಬದಲಾಗಿತ್ತು. “ಎಷ್ಟು ಬಂತು ಹರಿಣಿ? ಅದೊಂದು ಹೇಳು. ಮಿಕ್ಕಿದ್ದೆಲ್ಲ ಹಾಳಾಗಿ ಹೋಗಲಿ. ನನ್ನ ಪೊರೆ ಸರಿಯಾಗಿ ಕೇಳಿಸ್ಕೊಂಡಿತ್ತಾ ಇಲ್ವಾ?”

ಗಾಜಿನ ಮೇಲೆ ಉಸಿರು ಬಿಟ್ಟು ತೋರಿಸಿದವರು ಆಗ ಒಂದು ಕ್ಷಣ ಕಂಡರು. ಹೇಳಿಬಿಡಬೇಕು ಎನಿಸಿತು.

“ಅದನ್ನ ಅವರನ್ನ ಕೇಳ್ಬೇಕು ಮೇಡಂ.”

ಬಸ್ಸಿನಲ್ಲಿ ಪಕ್ಕದವರು ಏನು ಕೆಲಸ ಎಂದು ಕೇಳಿದರು. ಸದ್ಯಕ್ಕೆ ಇಲ್ಲ ಎಂದೆ. ಚಿಕ್ಕಬಳ್ಳಾಪುರದವರೆಗೂ ಮಾತಾಡಿಕೊಂಡು ಬಂದೆವು.

ಆಗಸ್ಟ್ 31, ಭಾನುವಾರ

ಓಬಳಮ್ಮ ಮತ್ತು ಒಂದನೇ ಬೇಸಿನ್ನಿನವರು ಜಗನ್ ಜೊತೆ ಮಾತಾಡಿದ್ದಾರೆ. ಒಂದು ಎಂದರೆ ಬಾಗಿಲ ಪಕ್ಕ, ಗಾಳಿ ಬರುವ ಜಾಗ. ಅದು ಈಗ ಚಿಕ್ಕವೆಂಕಟಮ್ಮನದು. ಒಂಬತ್ತಕ್ಕೆ ಓಬಳಮ್ಮ ಬಂದಿದ್ದಾರೆ, ಹತ್ತಕ್ಕೆ ಒಂದನೆಯವರು. ಜೂನ್‌ನಲ್ಲಿ ನಾನು ಬರೆದುಕೊಂಡ ಪಟ್ಟಿ ಈಗ ಯಾರದೂ ಅಲ್ಲ.

ನಾಳೆ ಚಿಕ್ಕವೆಂಕಟಮ್ಮನಿಗೆ ರಜೆ. ಚಿಕ್ಕಬಳ್ಳಾಪುರದ ಸರ್ಕಾರಿ ಆಸ್ಪತ್ರೆಗೆ ಹೋಗೋಣವೆಂದು ಮೂರು ಸಲ ಕೇಳಿದ ಮೇಲೆ ಒಪ್ಪಿದ್ದಾರೆ. ಅಲ್ಲಿ ಕೊಡುವ ಚೀಟಿಯನ್ನು ತಾವೇ ಇಟ್ಟುಕೊಳ್ಳುತ್ತಾರಂತೆ, ನನ್ನ ಕೈಗೂ ಕೊಡುವುದಿಲ್ಲವಂತೆ. ಸರಿ ಎಂದೆ.

ಈಗ ಫೋನು ಮಾಡಿದ್ದರು.

“ಅಲ್ಲೂ ಊದಿಸ್ತಾರೇನಮ್ಮ?”

“ಊದಿಸಬಹುದು ಅಕ್ಕ.”

“ಮನೇಲಿ ದಂಟಿನ ಸೊಪ್ಪಿದೆ. ತಿಂದು ಬರಲೋ, ಬೇಡ್ವೋ?”

“ಇದೊಂದ್ಸಲ ಬೇಡ” ಎಂದೆ.